ಮುತ್ತು ಬಂದಾವ... ಖರೇ ಅದಾವೇನ್ರಿ?

ಮೊಬೈಲಿನಲ್ಲಿ ನೋಡಿ ತರಿಸಿದ ಮುತ್ತಿನ ಸರ ಅಸಲಿಯೋ ನಕಲಿಯೋ ಎಂದು ತಿಳಿಯಲು ನಿಮಗಿರುವುದು ಕೆಲವೇ ದಿನ. ಅಷ್ಟರೊಳಗೆ ಏನು ಮಾಡಬೇಕು, ಏನು ಮಾಡಬಾರದು?

ಅಮರಗೋಳದ ಬನಶಂಕರಿ ಗುಡಿಗೆ ಉಡಿ ತುಂಬಲು ಹೋದಾಗ ಸಿಕ್ಕ ಗೆಳತಿಯೊಬ್ಬರ ಮುಖ ಬಾಡಿತ್ತು. ಮಗಳ ಕುಬಸಕ್ಕೆಂದು ಎರಡು ವರ್ಷ ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಆನ್‌ಲೈನ್‌ನಿಂದ ಮುತ್ತಿನ ಸರ ತರಿಸಿದ್ದರು. 'ಸೌತ್ ಸೀ, ಎಎಎ ಗ್ರೇಡ್' ಅಂತ ಬರೆದಿತ್ತಂತೆ. ಪೆಟ್ಟಿಗೆಯೂ ಚೆಂದ, ಜೊತೆಗಿದ್ದ ಸರ್ಟಿಫಿಕೇಟೂ ಚೆಂದ. ಒಂದು ತಿಂಗಳು ಕಪಾಟಿನಲ್ಲಿಟ್ಟು, ಕುಬಸದ ಹಿಂದಿನ ವಾರ ಹುಬ್ಬಳ್ಳಿಯ ಸರಾಫರೊಬ್ಬರಿಗೆ ತೋರಿಸಿದರೆ, "ಅಕ್ಕಾರ, ಇದು ಮುತ್ತಲ್ರೀ. ಚಿಪ್ಪಿನ ಮಣಿಗೆ ಮ್ಯಾಲೆ ಬಣ್ಣ ಹಚ್ಯಾರ" ಅಂದುಬಿಟ್ಟರಂತೆ. ವಾಪಸ್ ಕಳಿಸುವ ಗಡುವು ಏಳು ದಿನ. ಅದು ಎಂದೋ ಮುಗಿದಿತ್ತು. "ಮಗಳಿಗೆ ಏನಂತ ಹೇಳ್ಲಿ?" ಎಂದರು ಆಕೆ. ನಮಗ್ಯಾರಿಗೂ ಉತ್ತರ ಹೊಳೆಯಲಿಲ್ಲ.

ನಮ್ಮೂರಿನ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಕೊಳ್ಳುವವರನ್ನು ನೋಡಿದ್ದೀರಲ್ಲ? ಚೀಲಕ್ಕೆ ಕೈ ಹಾಕಿ, ತಳದಿಂದ ನಾಲ್ಕು ಗಡ್ಡಿ ತೆಗೆದು, ಹಿಚುಕಿ ನೋಡಿದ ಮೇಲೇ ರೇಟಿನ ಮಾತು. ಫೋಟೊ ನೋಡಿ ಯಾರೂ ಕೊಳ್ಳುವುದಿಲ್ಲ. ಆದರೆ ಮುತ್ತನ್ನು ನಾವು ಫೋಟೊ ನೋಡಿಯೇ ಕೊಳ್ಳುತ್ತೇವೆ! ಆನ್‌ಲೈನ್ ಖರೀದಿಯಲ್ಲಿ ಚೀಲಕ್ಕೆ ಕೈ ಹಾಕುವ ಅವಕಾಶ ಸಿಗುವುದು ಪೆಟ್ಟಿಗೆ ಮನೆಗೆ ಬಂದ ಮೇಲೆ, ವಾಪಸಾತಿಯ ಗಡುವು ಮುಗಿಯುವುದರೊಳಗೆ. ಹಾಗಾಗಿ ಹಬ್ಬಕ್ಕೆ, ಮದುವೆಗೆ ಅಂತ ಎತ್ತಿಡಬೇಡಿ. ಬಂದ ದಿನವೇ ಪರೀಕ್ಷಿಸಿ.

ಕೊಳ್ಳುವ ಮುನ್ನ ಹೆಸರು ಓದಿ

ಇಂದು ಅಂಗಡಿಗಳಲ್ಲಿ ಸಿಗುವ ಅಸಲಿ ಮುತ್ತುಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಕಲ್ಚರ್ಡ್, ಅಂದರೆ ಕೃಷಿ ಮಾಡಿ ಬೆಳೆಸಿದವು. ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಅರ್ಧಗೋಲದ ಮುತ್ತು ಬೆಳೆಸಿ ಈ ದಾರಿ ತೋರಿಸಿದರು. ಆದ್ದರಿಂದ 'ಕಲ್ಚರ್ಡ್' ಎಂದಿದ್ದರೆ ನಕಲಿ ಅಂತ ಗಾಬರಿಯಾಗಬೇಡಿ. ತಾನಾಗಿ ಹುಟ್ಟಿದ 'ನ್ಯಾಚುರಲ್' ಮುತ್ತು ಬಲು ಅಪರೂಪ, ಬಲು ದುಬಾರಿ. ಅದನ್ನು ಸೋವಿಗೆ ಕೊಡುತ್ತೇವೆ ಎಂದರೆ ಮಾತ್ರ ಅನುಮಾನಪಡಿ.

ಎಚ್ಚರ ಬೇಕಾದ್ದು ಬೇರೆ ಪದಗಳಲ್ಲಿ. 'ಶೆಲ್ ಪರ್ಲ್', 'ಮಯೋರ್ಕಾ ಪರ್ಲ್', 'ಸಿಮ್ಯುಲೇಟೆಡ್', 'ಫೋ ಪರ್ಲ್' ಇವೆಲ್ಲ ಅನುಕರಣೆಯ ಮಣಿಗಳೇ. 'ಸೌತ್ ಸೀ ಶೆಲ್ ಪರ್ಲ್' ಎಂದು ಸೇರಿಸಿ ಬರೆದಾಗ ನಮ್ಮ ಕಣ್ಣು ಮೊದಲೆರಡು ಪದದಲ್ಲೇ ನಿಂತುಬಿಡುತ್ತದೆ!

ಇಲ್ಲೊಂದು ಸೂಕ್ಷ್ಮವಿದೆ. ಸಮುದ್ರದಲ್ಲಿ ಬೆಳೆಸುವ ಬಹುಪಾಲು ಕಲ್ಚರ್ಡ್ ಮುತ್ತಿನ ಒಳಗೂ ಚಿಪ್ಪಿನ ಮಣಿಯೇ ಇರುತ್ತದೆ. ಮೇಲಿನ ಹೊಳಪಿನ ಪದರವನ್ನು ಚಿಪ್ಪಿನೊಳಗಿನ ಜೀವಿ ಕಟ್ಟಿತೋ, ಕಾರ್ಖಾನೆಯಲ್ಲಿ ಹಚ್ಚಿದರೋ ಎಂಬುದೇ ಅಸಲಿ-ನಕಲಿಯ ನಡುವಿನ ವ್ಯತ್ಯಾಸ. ನೀವು ಮಾಡುವ ಪರೀಕ್ಷೆಯೆಲ್ಲ ಆ ಪದರದ ಮೇಲೆಯೇ.

'ಹೈದರಾಬಾದ್ ಮುತ್ತು' ಅಂದರೆ ಅಲ್ಲಿ ಬೆಳೆದದ್ದಲ್ಲ. ಅದು ಸಮುದ್ರವಿಲ್ಲದ ಊರು. ಹೊರಗಿನಿಂದ ಬಂದ ಮುತ್ತಿಗೆ ಅಲ್ಲಿ ತೂತು ಕೊರೆದು, ಪೋಣಿಸಿ ಮಾರುತ್ತಾರೆ. ಹಾಗಾಗಿ ಯಾವ ಊರಿನದು ಎಂದಲ್ಲ, ಯಾವ ಜಾತಿಯದು ಎಂದು ಕೇಳಿ. ಸಿಹಿನೀರಿನದೋ, ಜಪಾನಿನ ಅಕೋಯಾನೋ, ಕಪ್ಪು ಟಹೀಟಿಯೋ, ಸೌತ್ ಸೀನೋ? ಅಕೋಯಾ ಸಾಮಾನ್ಯವಾಗಿ 9 ಮಿ.ಮೀ. ಒಳಗೇ ಇರುತ್ತದೆ, ಸೌತ್ ಸೀ ಅದಕ್ಕಿಂತ ದೊಡ್ಡದು. ಒಂದೇ ಅಳತೆಯ, ಕಲೆಯಿಲ್ಲದ, ಗುಂಡಗಿನ 12 ಮಿ.ಮೀ. ಸೌತ್ ಸೀ ಮುತ್ತಿನ ಇಡೀ ಸರ ಎರಡು-ಮೂರು ಸಾವಿರಕ್ಕೆ ಬರುತ್ತದೆಯೇ? ನೀವೇ ಯೋಚಿಸಿ.

ಈ 'ಎಎಎ' ಯಾರು ಕೊಟ್ಟದ್ದು?

ಕೊಟ್ಟವರು ಮಾರುವವರೇ! ಮುತ್ತಿನ ಎ, ಎಎ, ಎಎಎ ಗ್ರೇಡಿಗೆ ಎಲ್ಲರೂ ಒಪ್ಪಿದ ಒಂದು ಅಳತೆಗೋಲಿಲ್ಲ. ಒಬ್ಬರ ಎಎಎ ಇನ್ನೊಬ್ಬರ ಅಂಗಡಿಯಲ್ಲಿ ಬರೀ ಎ ಇರಬಹುದು. ಅಮೆರಿಕದ ಹೆಸರಾಂತ ರತ್ನ ಪರೀಕ್ಷಾ ಸಂಸ್ಥೆ ಜಿಐಎ ಏಳು ಗುಣಗಳನ್ನು ನೋಡುತ್ತದೆ: ಅಳತೆ, ಆಕಾರ, ಬಣ್ಣ, ಹೊಳಪು, ಮೈಯ ನಯ, ಪದರದ ಗುಣಮಟ್ಟ ಮತ್ತು ಸರದ ಮುತ್ತುಗಳ ಹೊಂದಾಣಿಕೆ. ನೀವೂ ಈ ಏಳನ್ನೇ ಲಿಖಿತವಾಗಿ ಕೇಳಿ. ಉತ್ತರ ಕೊಡಲು ತಡವರಿಸುವವರಿಂದ ಕೊಳ್ಳಬೇಡಿ.

ಇನ್ನು ಹಾಲ್‌ಮಾರ್ಕ್. ಸರದ ಬಂಗಾರದ ಕೊಂಡಿಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಆದರೆ ಅದು ಹೇಳುವುದು ಬಂಗಾರದ ಶುದ್ಧತೆಯನ್ನು ಮಾತ್ರ, ಮುತ್ತಿನ ಬಗ್ಗೆ ಅಲ್ಲ. ಸರ್ಟಿಫಿಕೇಟ್ ಇದ್ದರೆ, ಕೊಟ್ಟದ್ದು ಮಾರಿದ ಕಂಪನಿಯೋ ಬೇರೆ ಪ್ರಯೋಗಾಲಯವೋ ನೋಡಿ. ಪ್ರಯೋಗಾಲಯದ್ದಾದರೆ ಅದರ ನಂಬರನ್ನು ಆ ಪ್ರಯೋಗಾಲಯದ ವೆಬ್‌ಸೈಟಿನಲ್ಲೇ ಪರಿಶೀಲಿಸಿ.

ಮನೆಯಲ್ಲೇ ಮಾಡಿ ನೋಡಿ

* ಪೆಟ್ಟಿಗೆ ತೆರೆಯುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿ. ವಿಳಾಸದ ಚೀಟಿಯಿಂದ ಹಿಡಿದು ಸರ ಹೊರಬರುವ ತನಕ ನಿಲ್ಲಿಸಬೇಡಿ. ಟ್ಯಾಗ್ ಕತ್ತರಿಸಬೇಡಿ.

* ಕಿಟಕಿಯ ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ಸರ ಹರಡಿ. ಅಸಲಿ ಮುತ್ತುಗಳಲ್ಲಿ ಅಳತೆ, ಆಕಾರ, ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ, ಅಲ್ಲೊಂದು ಇಲ್ಲೊಂದು ಸಣ್ಣ ಕುಳಿ ಇದ್ದೇ ಇರುತ್ತದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಅನುಮಾನಪಡಿ.

* ಅಂಗೈಯಲ್ಲಿ ಹಿಡಿಯಿರಿ. ಮುತ್ತು ಮೊದಲು ತಣ್ಣಗೆ ಅನಿಸಿ ನಿಧಾನಕ್ಕೆ ಬೆಚ್ಚಗಾಗುತ್ತದೆ. ಹಗುರವಾಗಿದ್ದರೆ ಅದು ಪ್ಲಾಸ್ಟಿಕ್. ಆದರೆ ಗಾಜಿನ ಮಣಿ, ಚಿಪ್ಪಿನ ಮಣಿಗಳೂ ತಣ್ಣಗೆ, ಭಾರವಾಗಿ ಇರುತ್ತವೆ. ಇಷ್ಟಕ್ಕೇ ತೀರ್ಮಾನ ಬೇಡ.

* ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ಸವರಿ. ಅಸಲಿಯಾದರೆ ನುಣ್ಣನೆಯ ಮರಳಿನಂತೆ ಕರಕರ ಅನ್ನುತ್ತದೆ. ನಕಲಿ ಸಾಮಾನ್ಯವಾಗಿ ಗಾಜಿನಂತೆ ಜಾರುತ್ತದೆ.

* ಎಲ್ಲಕ್ಕಿಂತ ಹೆಚ್ಚು ಗುಟ್ಟು ಬಿಟ್ಟುಕೊಡುವುದು ತೂತು! ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರದಲ್ಲಿ ತೂತಿನ ಅಂಚು ನೋಡಿ. ಬಣ್ಣ ಸಿಪ್ಪೆಯಂತೆ ಎದ್ದಿದ್ದರೆ, ಅಂಚಿನಲ್ಲಿ ಮುದ್ದೆಗಟ್ಟಿದ್ದರೆ, ಒಳಗೆ ಗಾಜು ಮಿನುಗಿದರೆ ಅದು ಮುತ್ತಲ್ಲ.

ಮಣಿಗಳ ನಡುವೆ ಗಂಟು ಹಾಕಿದ್ದಾರೆಂದು ನಂಬಿಬಿಡಬೇಡಿ. ಒಳ್ಳೆಯ ನಕಲಿ ಸರಕ್ಕೂ ಗಂಟು ಹಾಕುತ್ತಾರೆ.

ಇದನ್ನು ಮಾತ್ರ ಮಾಡಬೇಡಿ

ಬೆಂಕಿಕಡ್ಡಿ ಹಿಡಿಯುವುದು, ವಿನೆಗರ್ ಅಥವಾ ಲಿಂಬೆರಸಕ್ಕೆ ಹಾಕುವುದು, ಚಾಕುವಿನಿಂದ ಕೆರೆಯುವುದು ಬೇಡವೇ ಬೇಡ. ಮುತ್ತು ಅಂದರೆ ಬಹುಪಾಲು ಸುಣ್ಣದ ಅಂಶ. ಹುಳಿ ತಾಗಿದರೆ ಕರಗುತ್ತದೆ. ಅಸಲಿಯಾಗಿದ್ದರೆ ಒಡವೆ ಹಾಳು, ನಕಲಿಯಾಗಿದ್ದರೆ "ನೀವೇ ಕೆಡಿಸಿದ್ದೀರಿ" ಅಂತ ವಾಪಸ್ ತಗೊಳ್ಳುವುದಿಲ್ಲ. ಎರಡೂ ಕಡೆ ನಿಮಗೇ ನಷ್ಟ!

ಮನೆಯ ಪರೀಕ್ಷೆಯಿಂದ ತಿಳಿಯುವುದು ಮುತ್ತು ಹೌದೋ ಅಲ್ಲವೋ ಎಂಬುದಷ್ಟೇ. ಬಣ್ಣ ಕಟ್ಟಿದ್ದಾರೆಯೇ, ಯಾವ ದರ್ಜೆಯದು ಎಂಬುದಕ್ಕೆ ತಜ್ಞರ ಕಣ್ಣೇ ಬೇಕು. ನ್ಯಾಚುರಲ್ಲೋ ಕಲ್ಚರ್ಡೋ ಎಂದು ಖಚಿತವಾಗಲು ಪ್ರಯೋಗಾಲಯದ ಎಕ್ಸ್-ರೇ ಬೇಕು. ಬೆಲೆ ಹೆಚ್ಚಿದ್ದರೆ ಮರುದಿನವೇ ಹುಬ್ಬಳ್ಳಿಗೆ ಹೋಗಿ ಪರಿಚಯದ ಸರಾಫರಿಗೆ ತೋರಿಸಿ.

ನಕಲಿ ಅಂತ ಗೊತ್ತಾದರೆ?

ಅದೇ ದಿನ ವಾಪಸಾತಿಗೆ ಅರ್ಜಿ ಹಾಕಿ. ಫೋನಿನಲ್ಲಿ ಮಾತಾಡಿ ಬಿಡಬೇಡಿ, ಬರೆದು ಕಳಿಸಿ. ಜಾಹೀರಾತಿನ ಪುಟದ ಫೋಟೊ ತೆಗೆದಿಡಿ, ಆಮೇಲೆ ಅದು ಮಾಯವಾಗಬಹುದು.

ಗಡುವು ಮುಗಿದಿದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಕಲಿ ಮಾಲನ್ನು, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ವಾಪಸ್ ಪಡೆಯಲು ವ್ಯಾಪಾರಿ ನಿರಾಕರಿಸುವಂತಿಲ್ಲ. ಕುಂದುಕೊರತೆ ಅಧಿಕಾರಿ ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದೂ ಆಗದಿದ್ದರೆ ಧಾರವಾಡದಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ಮಾರಿದವರು ಯಾವ ಊರಿನವರಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರಬಹುದು, ಇಲ್ಲವೇ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು.

ನಮ್ಮ ಗೆಳತಿ ಮಗಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಕುಬಸದ ದಿನ ಮಗಳ ಕೊರಳಲ್ಲಿ ಇದ್ದದ್ದು ಅವ್ವನ ಹಳೇ ಬೋರಮಾಳ. ಆನ್‌ಲೈನ್ ಸರ ಈಗಲೂ ಪೆಟ್ಟಿಗೆಯಲ್ಲೇ, ಬಿಲ್ಲಿನ ಜೊತೆ, ದೂರಿಗೆ ಸಾಕ್ಷಿಯಾಗಿ ಕೂತಿದೆ. "ಸುಮ್ನ ಕೂತ್ರ ನಾ ಹೊಲಿದ ಎರಡು ವರ್ಷ ಸುಳ್ಳಾಗ್ತಾವ್ರಿ" ಅನ್ನುತ್ತಾರೆ ಆಕೆ.

ನಿಮ್ಮ ಕಪಾಟಿನಲ್ಲೂ ತೆರೆಯದ ಪೆಟ್ಟಿಗೆ ಇದೆಯೇ? ಇವತ್ತೇ ತೆರೆದು ನೋಡಿ.