ಮೋಸವಿಲ್ಲದ ಮೋಸ



ನಿಟ್ಟುವಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಪದಬಂಧದ ಸುಳಿವೊಂದನ್ನು ಬರೆದು ಮೊಮ್ಮಗಳ ಮುಂದಿಟ್ಟೆ: ‘ಹಗಲಿನ ದಿಬ್ಬಣದೊಳಗೆ ಹರಿಯುವುದು, ಎರಡಕ್ಷರ.’ ಅವಳು ‘ನಾದ’ ಎಂದಳು, ‘ಗಂಧ’ ಎಂದಳು. ಉತ್ತರ ‘ನದಿ’ ಎಂದು ತಿಳಿದಾಗ, ‘ಅಜ್ಜಾ, ಇದು ಮೋಸ’ ಎಂದು ಮುನಿಸಿಕೊಂಡಳು.

ಸಾಮಾನ್ಯ ಸುಳಿವು ಅರ್ಥವನ್ನಷ್ಟೇ ಹೇಳುತ್ತದೆ. ಗೂಢ ಸುಳಿವಿಗೆ ಎರಡು ಅಂಗಗಳುಂಟು: ಒಂದು ಅರ್ಥ, ಇನ್ನೊಂದು ಪದದ ಒಡಲನ್ನೇ ಬಿಡಿಸಿ ತೋರುವ ಚಮತ್ಕಾರ. ಇಲ್ಲಿ ‘ಹರಿಯುವುದು’ ಎಂಬುದು ಅರ್ಥ. ‘ಒಳಗೆ’ ಎಂಬುದು ಸೂಚನೆ. ‘ಹಗಲಿನ’ ಎಂಬುದರ ಕೊನೆಯಕ್ಷರವನ್ನೂ ‘ದಿಬ್ಬಣ’ದ ಮೊದಲಕ್ಷರವನ್ನೂ ಕೂಡಿಸಿ ಓದಬೇಕು. ‘ದಿನ ತಿರುಗಿ ಬಂದರೆ ಹೊಳೆ’ ಎಂದರೂ ಉತ್ತರ ಅದೇ. ಆದರೆ ಕನ್ನಡದಲ್ಲಿ ಗುಣಿತಾಕ್ಷರ ಇಡಿಯಾಗಿ ಚಲಿಸುತ್ತದೆ. ‘ದಿ’ ತನ್ನ ಗುಡಿಸನ್ನು ಬಿಟ್ಟು ಬಾರದು.

ಚೌಕಗಳ ಈ ಆಟ ಹೊರಗಿನದು. ಆರ್ಥರ್ ವಿನ್ ಎಂಬಾತ ರಚಿಸಿದ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗೂಢ ಸುಳಿವುಗಳು 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬೆಳೆದವು. ಆಟದ ಜೀವ ಮಾತ್ರ ನಮಗೆ ಹೊಸತಲ್ಲ. ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ದಲ್ಲಿ ದಂಡಿ 16 ಬಗೆಯ ಪ್ರಹೇಳಿಕೆಗಳನ್ನು ಹೆಸರಿಸಿದ್ದಾನೆ. ಪದಗಳ ಸಂಧಿಯಲ್ಲಿ ಅರ್ಥ ಅಡಗಿದರೆ ಅದು ‘ಸಮಾಗತಾ’. ದಿಬ್ಬಣದ ನದಿಗೆ ಹತ್ತಿರದ ಬಂಧು. ಬೇರೊಂದರ್ಥದಲ್ಲಿ ರೂಢವಾದ ಶಬ್ದ ಓದುಗನನ್ನು ಏಮಾರಿಸಿದರೆ ‘ವಂಚಿತಾ’. ‘ಪಕ್ಕದಲ್ಲೇ ಉಕ್ಕಿದ ಹೊಳೆ’ ಎಂದರೆ ‘ನೆರೆ’. ಪಕ್ಕವೂ ಹೌದು, ಪ್ರವಾಹವೂ ಹೌದು.

ಇಡೀ ಸುಳಿವೇ ಅರ್ಥವೂ ಚಮತ್ಕಾರವೂ ಆಗುವುದು ಅತಿ ವಿರಳ. ಅದಕ್ಕೆ ನಿದರ್ಶನ ದಾವಣಗೆರೆಯ ಪಕ್ಕದಲ್ಲೇ ಇದೆ: ‘ಇಬ್ಬರು ದೇವರು ಒಂದಾಗಿ ನಿಂತ ಊರು; ನಾಲ್ಕಕ್ಷರ.’ ಹರಿ, ಹರ ಕೂಡಿದರೆ ಹರಿಹರ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಅಲ್ಲಿನ ಗುಡಿಯಲ್ಲಿ ಒಂದೇ ವಿಗ್ರಹ ಅರ್ಧ ಹರಿ, ಅರ್ಧ ಹರ. ಪದ ಮಾಡಿದ್ದನ್ನೇ ಶಿಲ್ಪಿಯೂ ಮಾಡಿದ್ದಾನೆ.

ಇನ್ನು ಮೊಮ್ಮಗಳ ಆಕ್ಷೇಪ. ಸುಳಿವಿನ ಒಟ್ಟು ಚಿತ್ರ ದಾರಿ ತಪ್ಪಿಸಬಹುದು. ಆದರೆ ಅದರ ಒಂದು ಮಾತೂ ಸುಳ್ಳಾಡಕೂಡದು. ಆ ನೇಮವಿರುವವರೆಗೆ ಅದು ಮೋಸವಲ್ಲ, ಪದದ ಮುಂದೆ ನಿಂತು ನೋಡೆಂಬ ಕರೆ. ವರ್ಷಾನುವರ್ಷ ಕವಿತೆಗಳ ಸಾರಾಂಶ ಬರೆಸಿದ ನಾನು, ವಿದ್ಯಾರ್ಥಿಗಳನ್ನು ಹಾಗೆ ಪದದ ಮುಂದೆ ನಿಲ್ಲಿಸಲಿಲ್ಲವಲ್ಲ ಎಂಬ ಕೊರಗು ಈಗ ಕಾಡುತ್ತದೆ.

ಮರುದಿನ ಅವಳೇ ಒಂದು ಸುಳಿವು ತಂದಳು: ‘ಹಿಂದಿನಿಂದ ಓದಿದರೂ ಚಿನ್ನವೇ, ಮೂರಕ್ಷರ.’ ಉತ್ತರ ‘ಕನಕ’. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.