ವೈದ್ಯರ ಮಾತೂ ಔಷಧವೇ

ಪ್ರತಿವರ್ಷ ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಬರುವ ಭಕ್ತಾದಿಗಳಲ್ಲಿ ಜಾತಿಮತಗಳ ಭೇದವಿಲ್ಲ. ಮೊಂಬತ್ತಿ ಹಚ್ಚಿ ಮಾತೆಯ ಮುಂದೆ ನಿಂತವರು ತಮ್ಮ ಮೈನೋವನ್ನೂ ಮನದ ವ್ಯಥೆಯನ್ನೂ ಒಂದನ್ನೂ ಬಿಡದೆ ತೋಡಿಕೊಳ್ಳುತ್ತಾರೆ. ಅದೇ ಜನ ದಾವಣಗೆರೆಯ ಆಸ್ಪತ್ರೆಗೆ ಬಂದು ವೈದ್ಯರ ಮುಂದೆ ಕುಳಿತರೆ ಮೂಕರಾಗುತ್ತಾರೆ. ಕೇಳಿದ್ದಕ್ಕೆಲ್ಲ "ಹೂಂ ಸಾರ್" ಎಂದು ತಲೆಯಾಡಿಸಿ, ಚೀಟಿ ಹಿಡಿದು ಹೊರಬರುತ್ತಾರೆ. ಡಾಕ್ಟರು ಏನೆಂದರು ಎಂದು ಮನೆಯವರು ಕೇಳಿದರೆ "ಗುಳಿಗೆ ಬರೆದುಕೊಟ್ಟಾರೆ" ಎನ್ನುವುದಷ್ಟೇ ಉತ್ತರ. ಈ ಮೌನಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ನಾನು ಒಂದು ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಗೃಹಸ್ಥನೊಬ್ಬನಿಗೆ ಕೆಲವು ವರ್ಷಗಳ ಹಿಂದೆ ಕ್ಷಯರೋಗ ತಗಲಿತು. ರೋಗವನ್ನು ಪತ್ತೆಹಚ್ಚಿದ ವೈದ್ಯರ ಜ್ಞಾನದಲ್ಲಿ ಕೊರತೆಯಿರಲಿಲ್ಲ. ಕೊಟ್ಟ ಔಷಧವೂ ಸರಿಯಾದುದೇ. ಆದರೆ ಹದಿನೈದು ದಿನ ಕಳೆಯುವಷ್ಟರಲ್ಲಿ ಆತ ಗುಳಿಗೆ ನುಂಗುವುದನ್ನು ನಿಲ್ಲಿಸಿಬಿಟ್ಟ. ನಾಲ್ಕು ತಿಂಗಳ ತರುವಾಯ ಆ ಮನೆಗೆ ಹೋದಾಗ ಎಲುಬಿನ ಹಂದರವಾಗಿ ಮಲಗಿದ್ದ ಅವನನ್ನು ಕಂಡು ಕಾರಣ ಕೇಳಿದೆ. "ಒಂದಕ್ಕೆ ಹೋದ್ರೆ ರಕ್ತದಂಗೆ ಕೆಂಪಗೆ ಬರ್ತಿತ್ತು ಸ್ವಾಮಿ. ಇನ್ನೂ ನುಂಗಿದ್ರೆ ಸತ್ತೇ ಹೋಗ್ತೀನಿ ಅಂತ ಬಿಟ್ಟೆ" ಎಂದ. ಡಾಕ್ಟರನ್ನು ಕೇಳಬಹುದಿತ್ತಲ್ಲ ಎಂದರೆ, "ಅಂಥ ದೊಡ್ಡೋರ ಹತ್ರ ಏನಂತ ಕೇಳೋದು ಸ್ವಾಮಿ?" ಎಂದು ಮುಖ ತಗ್ಗಿಸಿದ. ಅಷ್ಟರಲ್ಲಿ ಅವನ ಎಳೆಯ ಮಗಳಿಗೂ ರೋಗ ಅಂಟಿತ್ತು.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವು ಮೂತ್ರವನ್ನು ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗಿಸುತ್ತದೆ. ಈ ಬಣ್ಣದಿಂದ ಅಪಾಯವಿಲ್ಲ. ಇದನ್ನು ಹೇಳಲು ಒಂದು ವಾಕ್ಯ ಸಾಕಿತ್ತು. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಬಿಡದೆ ಚಿಕಿತ್ಸೆ ಬೇಕು, ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಮಣಿಯದಷ್ಟು ಬಲಿಯಬಹುದು ಎನ್ನಲು ಇನ್ನೊಂದು ವಾಕ್ಯ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ಪ್ರತಿ ತಿಂಗಳು ಹಣ ನೀಡುತ್ತಿದೆ ಎಂದು ತಿಳಿಸಲು ಮತ್ತೊಂದು. ಈ ಮೂರು ಮಾತುಗಳು ಆಡಲ್ಪಡದ ಕಾರಣ ಸರಿಯಾದ ಔಷಧವೂ ನಿಷ್ಫಲವಾಯಿತು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಅಭ್ಯಸಿಸುತ್ತಿದ್ದಾಗ ಓದಿದ ಒಂದು ಪ್ರಸಂಗ ಆಗ ನೆನಪಾಯಿತು. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ಮುಪ್ಪಿನಲ್ಲಿ ಬರೆದ 'ಕಾನೂನುಗಳು' ಎಂಬ ಗ್ರಂಥದಲ್ಲಿ ಇಬ್ಬರು ವೈದ್ಯರ ಮಾತು ಬರುತ್ತದೆ. ಗುಲಾಮರಿಗೆ ಚಿಕಿತ್ಸೆ ಮಾಡುವವನು ರೋಗಿಯ ದೂರನ್ನು ಕೇಳುವುದಿಲ್ಲ, ಕಾರಣವನ್ನು ಹೇಳುವುದಿಲ್ಲ. ದೊರೆಯಂತೆ ಅಪ್ಪಣೆ ಕೊಟ್ಟು ಮುಂದಿನವನ ಬಳಿಗೆ ಧಾವಿಸುತ್ತಾನೆ. ಸ್ವತಂತ್ರರಿಗೆ ಚಿಕಿತ್ಸೆ ಮಾಡುವವನಾದರೋ ರೋಗಿಯಿಂದಲೂ ಅವನ ಬಂಧುಗಳಿಂದಲೂ ವಿಷಯವನ್ನು ತಿಳಿದುಕೊಂಡು, ತಿಳಿಹೇಳಿ, ಮನವೊಲಿಸಿದ ಮೇಲೆಯೇ ಔಷಧ ಕೊಡುತ್ತಾನೆ. ನಮ್ಮ ದೇಶದಲ್ಲಿ ಇಂದು ಗುಲಾಮರಿಲ್ಲ. ಆದರೆ ಬಡವನೂ ಅಕ್ಷರ ತಿಳಿಯದವನೂ ಎದುರಿಗೆ ಕುಳಿತಾಗ ನಮ್ಮೊಳಗಿನ ಮೊದಲನೆಯ ವೈದ್ಯ ಎಚ್ಚರಗೊಳ್ಳುತ್ತಾನಲ್ಲವೇ? ವಿವರಣೆಗೆ ಅರ್ಹನಲ್ಲ ಎಂದು ಒಬ್ಬ ಮನುಷ್ಯನನ್ನು ಭಾವಿಸುವುದೆಂದರೆ ಅವನ ಸ್ವಾತಂತ್ರ್ಯವನ್ನೇ ಅಲ್ಲಗಳೆದಂತೆ.

ವೈದ್ಯರ ಕಷ್ಟವನ್ನು ಮರೆತು ಈ ಮಾತು ಹೇಳುತ್ತಿಲ್ಲ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದದ್ದು 1965ರಲ್ಲಿ. ಇಂದು ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳ ಮೊಗಸಾಲೆಗಳಲ್ಲಿ ಹಾವೇರಿ, ಚಿತ್ರದುರ್ಗ ಜಿಲ್ಲೆಗಳ ರೋಗಿಗಳೂ ಸಾಲುಗಟ್ಟಿ ಕಾಯುತ್ತಾರೆ. ಹೊರರಾಜ್ಯಗಳಿಂದ ಬಂದ ಎಳೆಯ ವೈದ್ಯರಿಗೆ ನಮ್ಮ ಹಳ್ಳಿಗರ ಕನ್ನಡ ಸುಲಭವಾಗಿ ಎಟಕುವುದಿಲ್ಲ. ಈ ಆತುರ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ರೋಗಿ ತನ್ನ ಕಷ್ಟ ಹೇಳಲಾರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲೇ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು.

ಆದರೂ ಸೌಜನ್ಯವು ಪುರುಸೊತ್ತು ಇದ್ದವರ ಅಲಂಕಾರವಲ್ಲ. ಅದು ವೃತ್ತಿಯ ಕರ್ತವ್ಯ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಾವಳಿಯು, ರೋಗದ ಗಂಭೀರತೆಯನ್ನು ಹಿಗ್ಗಿಸಿಯೂ ಹೇಳಬಾರದು, ಕುಗ್ಗಿಸಿಯೂ ಹೇಳಬಾರದು ಎಂದು ವಿಧಿಸುತ್ತದೆ. ತಾಳ್ಮೆಯಿಂದ ನಡೆದುಕೊಳ್ಳಬೇಕು, ರೋಗಿಯ ಗುಟ್ಟನ್ನು ಕಾಪಾಡಬೇಕು, ಶಸ್ತ್ರಚಿಕಿತ್ಸೆಗೆ ಮುನ್ನ ಲಿಖಿತ ಒಪ್ಪಿಗೆ ಪಡೆಯಬೇಕು, ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು ಎನ್ನುತ್ತದೆ. ಔಷಧದ ಹೆಸರು ಓದಲು ಬರುವಂತಿರಬೇಕೆಂದು 2016ರಲ್ಲಿ ಸೇರಿಸಲಾಯಿತು. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲೇ ಮನೋಭಾವ, ನೀತಿ ಮತ್ತು ಸಂವಹನದ ಪಾಠಗಳು ಸೇರಿರುವುದು ಸಂತೋಷದ ಸಂಗತಿ.

ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ದಾದಿಯರಾಗಿ, ವೈದ್ಯರಾಗಿ ಸೇವೆ ಸಲ್ಲಿಸುತ್ತಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ರೋಗಿಯನ್ನು ಹಾಸಿಗೆಯ ಸಂಖ್ಯೆಯಿಂದಲ್ಲ, ಹೆಸರಿನಿಂದ ಕರೆಯಿರಿ. ನಿಂತಲ್ಲಿಂದ ಮಾತಾಡದೆ ಒಂದು ಗಳಿಗೆ ಕುಳಿತುಕೊಳ್ಳಿ. ಕೊನೆಯಲ್ಲಿ "ತಿಳಿಯಿತೇ?" ಎಂದು ಕೇಳಿದರೆ ಎಲ್ಲರೂ "ಹೂಂ" ಎನ್ನುತ್ತಾರೆ, ಬದಲಾಗಿ "ಮನೆಗೆ ಹೋಗಿ ಗುಳಿಗೆ ಹೇಗೆ ತಗೋತೀರಿ, ಹೇಳಿ ನೋಡೋಣ" ಎನ್ನಿ. ಅರ್ಥವಾಗಿದೆಯೋ ಇಲ್ಲವೋ ಅಲ್ಲಿಯೇ ತಿಳಿಯುತ್ತದೆ.

ರೋಗಿಗಳಿಗೂ ಮನೆಯವರಿಗೂ ಕರ್ತವ್ಯಗಳಿವೆ. ಕೇಳಬೇಕಾದುದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕುಡಿತವನ್ನಾಗಲಿ, ತೆಗೆದುಕೊಂಡ ನಾಟಿ ಔಷಧವನ್ನಾಗಲಿ ಮುಚ್ಚಿಡಬೇಡಿ. ಎಷ್ಟು ದಿನ, ಏನಾದರೆ ಹೆದರಬೇಕು, ಯಾವಾಗ ಮರಳಿ ಬರಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಏಳಬೇಡಿ. ದುಃಖದ ಭರದಲ್ಲಿ ವೈದ್ಯರ ಮೇಲೆ ಕೈಮಾಡುವುದು ಕರ್ನಾಟಕದ 2009ರ ಕಾಯ್ದೆಯನ್ವಯ ಅಪರಾಧ ಮಾತ್ರವಲ್ಲ, ಪಾಪವೂ ಹೌದು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಇಬ್ಬರಿಗೂ ಸಲ್ಲುತ್ತದೆ.

ಕೊನೆಗೆ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ಗೃಹಸ್ಥ ಗುಳಿಗೆ ಬಿಟ್ಟ ವಾರದಲ್ಲೇ ನಾನೊಮ್ಮೆ ಅವನ ಮನೆಗೆ ಹೋಗಿದ್ದೆ. ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, "ಎಲ್ಲಾ ಸರಿಹೋಗುತ್ತದೆ" ಎಂದು ಐದು ನಿಮಿಷದಲ್ಲಿ ಹೊರಟುಬಂದೆ. ನಿನಗೇನಾದರೂ ಭಯವಿದೆಯೇ ಎಂದು ಕೇಳಲಿಲ್ಲ. ಜೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯನನ್ನು ಕಂಡ ಪ್ರಭು ಯೇಸುವಿಗೆ ಅವನ ಕೊರತೆ ಏನೆಂದು ತಿಳಿಯದೆ ಇರಲಿಲ್ಲ. ಆದರೂ ತನ್ನಿಂದ ಏನಾಗಬೇಕೆಂದು ಅವನನ್ನೇ ಕೇಳಿದರು. ಗುಣಪಡಿಸುವ ಮುನ್ನ ಅವನಿಗೆ ಮಾತು ಕೊಟ್ಟರು. ವೈದ್ಯರಂತೆ ನಾನೂ ಆ ಪಾಠವನ್ನು ಕಲಿಯಬೇಕಾಗಿತ್ತು.

ಆ ತಂದೆ ಮಗಳಿಬ್ಬರೂ ಮತ್ತೆ ಚಿಕಿತ್ಸೆ ಆರಂಭಿಸಿದಾಗ ಸರ್ಕಾರಿ ಕೇಂದ್ರದ ಯುವ ವೈದ್ಯೆಯೊಬ್ಬರು ಕುರ್ಚಿ ಎಳೆದುಕೊಂಡು ಕುಳಿತು, "ಒಂದಕ್ಕೆ ಕೆಂಪಗೆ ಹೋಗುತ್ತದೆ, ಹೆದರಬೇಡಿ" ಎಂದು ಮೊದಲೇ ಹೇಳಿದರಂತೆ. ಇಬ್ಬರೂ ಚಿಕಿತ್ಸೆಯನ್ನು ಪೂರ್ತಿಗೊಳಿಸಿದರು. ಹರಿಹರದ ಮಾತೆಗೆ ಹರಕೆ ಸಲ್ಲಿಸಲು ಹೋದಾಗ ಆ ವೈದ್ಯೆಯ ಹೆಸರಿನಲ್ಲೂ ಒಂದು ಮೊಂಬತ್ತಿ ಹಚ್ಚಿದರೆಂದು ತಿಳಿದು ನನ್ನ ಮನಸ್ಸು ತುಂಬಿಬಂತು.