ಗಣಿ ಮುಚ್ಚಿತು, ದೂಳಿನ ಲೆಕ್ಕ ಮುಗಿದಿಲ್ಲ

ಬೇತಮಂಗಲ, ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ ಕಡೆ ಯಾರಾದರೂ 'ನಮ್ಮ ತಾತ ಎದೆ ಕಾಯಿಲೆಯಿಂದ ಹೋದರು' ಎಂದರೆ, ತಾತ ಕೋಲಾರದ ಚಿನ್ನದ ಗಣಿಗೆ (ಕೆಜಿಎಫ್) ಇಳಿಯುತ್ತಿದ್ದರಾ ಎಂದು ಮೊದಲು ಕೇಳಬೇಕು. ಆಸ್ಪತ್ರೆ ಚೀಟಿಯಲ್ಲಿ ಟಿ.ಬಿ. ಎಂದೋ ಆಸ್ತಮಾ ಎಂದೋ ಬರೆದಿರಬಹುದು. ನಿಜವಾದ ಹೆಸರು ಸಿಲಿಕೋಸಿಸ್ ಆಗಿದ್ದರೆ, ಅದನ್ನು ವೈದ್ಯರು ಬರೆಯದೆ ಪರಿಹಾರದ ಬಾಗಿಲೇ ತೆರೆಯುವುದಿಲ್ಲ.

ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದಲ್ಲಿ. ಆ ಕಲ್ಲನ್ನು ಕೊರೆದು, ಸಿಡಿಸಿ, ಪುಡಿ ಮಾಡುವಾಗ ಏಳುವ ಸಿಲಿಕಾ ದೂಳಿನ ಅತಿ ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಶ್ವಾಸಕೋಶದ ತಳಕ್ಕೆ ಹೋಗಿ ಕೂತವು ಹೊರಗೆ ಬರುವುದೂ ಇಲ್ಲ. ಅವು ಕೂತ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಬೆಳೆಯುವುದು ನಿಲ್ಲುವುದಿಲ್ಲ, ಗುಣಪಡಿಸುವ ಮದ್ದು ಇಲ್ಲ. ಅಂಥ ಶ್ವಾಸಕೋಶಕ್ಕೆ ಕ್ಷಯ ಅಂಟುವುದು ಸುಲಭ. ಹಾಗಾಗಿ ಟಿ.ಬಿ. ಎಂದು ಬರೆದದ್ದು ಪೂರ್ತಿ ಸುಳ್ಳಲ್ಲದಿರಬಹುದು, ಆದರೆ ಅರ್ಧ ಸತ್ಯ. ಆ ಅರ್ಧ ಸತ್ಯದಿಂದ ಕುಟುಂಬ ಕಳೆದುಕೊಳ್ಳುವುದು ಬಹಳ.

ಇದು ಯಾರಿಗೂ ತಿಳಿಯದ ಗುಟ್ಟಾಗಿರಲಿಲ್ಲ. 1940ರ ದಶಕದಲ್ಲಿ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43.7 ಮಂದಿಯಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಈ ಅಂಕಿಯನ್ನು ಪಠ್ಯಪುಸ್ತಕದಲ್ಲಿ ಓದುತ್ತಾರೆ. ಪುಸ್ತಕ ಸೇರಿದ ಆ ಎದೆಗಳ ಹಿಂದೆ ಲೈನ್ ಮನೆಗಳಲ್ಲಿ ಬದುಕಿದ, ಬಹುಪಾಲು ದಲಿತರಾಗಿದ್ದ, ತಮಿಳು, ತೆಲುಗು, ಕನ್ನಡ ಮಾತಾಡುವ ಸಂಸಾರಗಳಿದ್ದವು ಎಂಬುದನ್ನು ಮಾತ್ರ ಮರೆತುಬಿಟ್ಟೆವು. 1880ರಲ್ಲಿ ಗಣಿ ನಡೆಸಲು ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಆಯಿತು, 2001ರಲ್ಲಿ ಬೀಗ ಬಿತ್ತು. ಒಡೆಯರು ಬದಲಾದರು, ಕೊರೆಯುವ ಕಲ್ಲು ಬದಲಾಗಲಿಲ್ಲ.

ಹಾಗಾದರೆ ಕಾನೂನು ಇರಲಿಲ್ಲವೇ? ಇತ್ತು. 1923ರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕಲ್ಲುದೂಳಿನ ಶ್ವಾಸಕೋಶದ ರೋಗಗಳಿಗೆ ಜಾಗವಿತ್ತು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕೆಂದು ಅದು ಹೇಳಿದರೂ, ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿತ್ತು. 1952ರ ಗಣಿ ಕಾಯ್ದೆಯ 25ನೇ ಕಲಂ ಇನ್ನೂ ಮುಂದೆ ಹೋಗಿತ್ತು. ಗಣಿಯಲ್ಲಿ ಈಗ ದುಡಿಯುವವರಿರಲಿ, ಹಿಂದೆ ದುಡಿದವರಿರಲಿ, ಇಂಥ ರೋಗದ ಗುಮಾನಿ ಬಂದರೆ ಸಾಕು, ಚಿಕಿತ್ಸೆ ನೀಡುವ ವೈದ್ಯರು ಗಣಿ ಸುರಕ್ಷತೆಯ ಮುಖ್ಯ ಅಧಿಕಾರಿಗೆ ತಡಮಾಡದೆ ಬರೆದು ತಿಳಿಸಬೇಕು ಎಂದಿತ್ತು. 'ಹಿಂದೆ ದುಡಿದವರು' ಎಂಬ ಆ ಎರಡು ಪದ ಕೆಜಿಎಫ್‌ನಂಥ ಊರಿಗೆಂದೇ ಬರೆದಂತಿವೆ. ಇಷ್ಟಾದರೂ ಗಣಿ ಮುಚ್ಚಿದ ಮೇಲೆ ಮುದುಕರ ಎದೆಯನ್ನು ಹುಡುಕಿಕೊಂಡು ಹೋಗಿ ನೋಡುವುದು ಯಾರ ಕೆಲಸವೂ ಆಗದೆ ಹೋಯಿತು.

ಅಮೆರಿಕದ ನವಾಹೋ ಬುಡಕಟ್ಟಿನವರ ಕಥೆ ಇಲ್ಲಿ ನೆನಪಾಗುತ್ತದೆ. 1944ರಿಂದ 1986ರವರೆಗೆ ಅವರ ನೆಲದಿಂದ ಸುಮಾರು ಮೂರು ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. ಅಲ್ಲಿನ ಆರೋಗ್ಯ ಇಲಾಖೆ 1950ರಿಂದಲೇ ಕಾರ್ಮಿಕರನ್ನು ಪರೀಕ್ಷಿಸುತ್ತಿತ್ತು, ವಿಕಿರಣದ ಅಪಾಯವನ್ನು ಮಾತ್ರ ಅವರಿಗೆ ಹೇಳಲಿಲ್ಲ. ಕೊನೆಗೆ 1990ರಲ್ಲಿ ಕಾಯ್ದೆ ಬಂತು. ದೇಶ ಕ್ಷಮೆ ಕೇಳಿತು, ಗಣಿ ಕಾರ್ಮಿಕರಿಗೆ ಒಂದು ಲಕ್ಷ ಡಾಲರ್ ಎಂದು ಗೊತ್ತುಮಾಡಿತು. ಆದರೂ ವಿಧವೆಯರು ವರ್ಷಗಟ್ಟಲೆ ಅಲೆದರು. ಬುಡಕಟ್ಟಿನ ಪದ್ಧತಿಯಲ್ಲಿ ಮದುವೆಯಾದವರ ಬಳಿ ಮದುವೆಯ ಕಾಗದ ಎಲ್ಲಿಂದ ಬರಬೇಕು? ಅವರ ಭಾಷೆ ಬಲ್ಲವರು ಊರೂರಿಗೆ ಹೋಗಿ, ಸಾಕ್ಷಿ ಕೂಡಿಸಿ, ಅರ್ಜಿ ತುಂಬಿಕೊಟ್ಟರು. 2000ದಲ್ಲಿ ನಿಯಮಗಳನ್ನು ಸಡಿಲಿಸಲಾಯಿತು. ಆ ಕಾಯ್ದೆಯಲ್ಲಿ ನನಗೆ ದೊಡ್ಡದಾಗಿ ಕಾಣುವ ಅಂಶ ಹಣವಲ್ಲ. ಇಷ್ಟು ಕಾಲ ಗಣಿಯಲ್ಲಿದ್ದೆ, ಈ ರೋಗ ಬಂದಿದೆ ಎಂದು ತೋರಿಸಿದರೆ ಸಾಕು, ರೋಗ ಗಣಿಯಿಂದಲೇ ಬಂತೆಂದು ಸಾಧಿಸುವ ಹೊಣೆ ರೋಗಿಯ ಮೇಲಿಲ್ಲ.

ನಮ್ಮ ದೇಶದಲ್ಲೂ ದಾರಿ ಇದೆ. ಗುಜರಾತಿನ ಕಲ್ಲುಪುಡಿ ಕಾರ್ಖಾನೆಗಳಲ್ಲಿ ದುಡಿದು ಸತ್ತ ಮಧ್ಯಪ್ರದೇಶದ 238 ಕಾರ್ಮಿಕರ ಮನೆಯವರಿಗೆ ತಲಾ ಮೂರು ಲಕ್ಷ ರೂಪಾಯಿ ಕೊಡುವಂತೆ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರಾಜಸ್ಥಾನ 2019ರ ತನ್ನ ನೀತಿಯಲ್ಲಿ ಸಿಲಿಕೋಸಿಸ್ ಖಚಿತವಾದವರಿಗೆ ಮೂರು ಲಕ್ಷ, ಸಾವಿನ ನಂತರ ಮನೆಯವರಿಗೆ ಎರಡು ಲಕ್ಷ, ಜೊತೆಗೆ ತಿಂಗಳ ಪಿಂಚಣಿ ಗೊತ್ತುಮಾಡಿತು. ಮಾಲೀಕ ಯಾರು, ಹಾಜರಿ ಪುಸ್ತಕ ಎಲ್ಲಿ ಎಂಬ ಜಗ್ಗಾಟಕ್ಕೆ ರೋಗಿಯನ್ನು ನಿಲ್ಲಿಸದೆ ಸರ್ಕಾರವೇ ಕೊಡುವ ಪದ್ಧತಿ ಇದು. ಕೆಜಿಎಫ್‌ನಲ್ಲಂತೂ ಮಾಲೀಕ ಯಾರೆಂಬ ಪ್ರಶ್ನೆಯೇ ಇಲ್ಲ. ಕೊನೆಯ ನಾಲ್ಕು ದಶಕ ಅದು ಸರ್ಕಾರವೇ.

ಬೇತಮಂಗಲದ ಕೆರೆಯ ನೀರು ಕೊಳವೆಯಲ್ಲಿ ಗಣಿಯೂರಿಗೆ ಹರಿದು ಎಷ್ಟೋ ತಲೆಮಾರುಗಳ ಬಾಯಾರಿಕೆ ನೀಗಿಸಿತು. ಗಣಿಯಿಂದ ಈ ಕಡೆಗೆ ಮರಳಿ ಬಂದವರಿಗೆ ಒಂದು ಎಕ್ಸ್‌ರೇ ಶಿಬಿರವಾದರೂ ಸಲ್ಲಬೇಡವೇ? ಬೆಂಗಳೂರಿನಲ್ಲಿ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ. ದೂಳಿನ ರೋಗವನ್ನು ಎಕ್ಸ್‌ರೇಯಲ್ಲಿ ಗುರುತಿಸಬಲ್ಲ ತಜ್ಞರನ್ನು ಅಲ್ಲಿಂದ ಕರೆಸಿ, ಬದುಕಿರುವ ಪ್ರತಿಯೊಬ್ಬ ಗಣಿ ಕಾರ್ಮಿಕರನ್ನೂ ಪರೀಕ್ಷಿಸಲು ಜಿಲ್ಲಾಡಳಿತ ಮನಸ್ಸು ಮಾಡಬೇಕು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ಅಪ್ಪನ ಸರ್ವಿಸ್ ಸರ್ಟಿಫಿಕೇಟು, ಪಿ.ಎಫ್. ಚೀಟಿ, ಗುರುತಿನ ಚೀಟಿ, ಗಣಿ ಆಸ್ಪತ್ರೆಯ ಹಳೆಯ ಕಾಗದ, ಎಕ್ಸ್‌ರೇ ಫಿಲ್ಮು ಏನಿದ್ದರೂ ಎಸೆಯಬೇಡಿ. ಜೊತೆಯಲ್ಲಿ ಕೇಜ್ ಹತ್ತಿ ಇಳಿದವರು ಇನ್ನೂ ಇದ್ದರೆ ಅವರ ಹೇಳಿಕೆಯನ್ನು ಈಗಲೇ ಬರೆಸಿಕೊಳ್ಳಿ. ವೈದ್ಯರ ಮುಂದೆ ಕೂತಾಗ ಕೆಮ್ಮಿನ ಬಗ್ಗೆ ಹೇಳುವ ಮೊದಲು, ಇಷ್ಟು ವರ್ಷ ಗಣಿಯ ಒಳಗೆ ದುಡಿದೆ ಎಂದು ಹೇಳಿ, ಅದನ್ನು ಚೀಟಿಯಲ್ಲಿ ಬರೆಯುವಂತೆ ಕೇಳಿ.